ಮಾತು, ಧಾತು, ನಾಟಕ: ಜುಸೆಪ್ಪೆ ವೆರ್ಡಿಯ ಜೀವನ ಮತ್ತು ಸಾಧನೆ

ಪಾಶ್ಚಾತ್ಯ ದೇಶಗಳಲ್ಲಿ ‘ಆಪೆರಾ’ ಎಂದು ಪ್ರಸಿದ್ಧವಾಗಿರುವ ಕಲಾಪ್ರಕಾರಕ್ಕೆ ನಮ್ಮ ಭಾಷೆಯಲ್ಲಿ ‘ಗೀತನಾಟಕ’ ಎಂಬ ಹೆಸರು ರೂಢಿಯಲ್ಲಿದೆ. ಪಾತ್ರಧಾರಿಗಳು ತಮ್ಮ ಮಾತುಗಳನ್ನು ಆಡುವುದಕ್ಕೆ ಬದಲಾಗಿ ಹಾಡುವರು. ರಂಗದ ಮುಂಭಾಗದಲ್ಲಿ ಕುಳಿತ ವಾದ್ಯವೃಂದವು ಅದಕ್ಕೆ ಆಧಾರವಾಗಿ ನಡೆಯುವುದು. ಸುಮಾರು 1600ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನ್ಮತಾಳಿದ ಈ ಪ್ರಕಾರವು ಹುಟ್ಟಿದಂದಿನಿಂದಲೂ ಒಂದು ವಿವಾದವನ್ನು ತನ್ನೊಡನೆ ಹೊತ್ತು ತಂದಿದೆ. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ, ‘ಮಾತು’ ಎಂಬ ಸಾಹಿತ್ಯ ಮತ್ತು ‘ಧಾತು’ ಎಂಬ ಸ್ವರರಚನೆ, ಇವೆರಡರಲ್ಲಿ ಯಾವುದು ಯಾವುದಕ್ಕೆ ಅಧೀನವಾಗಿರಬೇಕು ಎಂಬುದೇ ಆ ವಿವಾದ. ನಮ್ಮ ವಾಗ್ಗೇಯಕಾರನು ಇವೆರಡನ್ನೂ ತಾನೇ ರಚಿಸುವನಾದುದರಿಂದ ಅವನಲ್ಲಿ ಈ ವ್ಯಾಜ್ಯಕ್ಕೆ ಅಷ್ಟಾಗಿ ಅವಕಾಶವಿಲ್ಲ. ಇಟಲಿಯ ಗೀತನಾಟಕದಲ್ಲಾದರೋ ಮಾತು ಒಬ್ಬನದು, ಧಾತು ಇನ್ನೊಬ್ಬನದು. ಅದನ್ನು ಹಾಡುವ ಕಂಠವು ಮೂರನೆಯವರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಮೂವರ ಪೈಕಿ ಪ್ರಭುತ್ವವನ್ನು ನಡೆಸುತ್ತಿದ್ದವರು ಗಾಯಕರು.

ಜುಸೆಪ್ಪೆ ವೆರ್ಡಿಯು (1813-1901) ಈ ಪ್ರಭುತ್ವವನ್ನು ಗಾಯಕರಿಂದ ಕಿತ್ತುಕೊಂಡನು. ಆದರೆ ಅದನ್ನು ಕವಿಗೂ ಕೊಡಲಿಲ್ಲ, ಸಂಗೀತಕರ್ತನಾದ ತಾನೂ ಇಟ್ಟುಕೊಳ್ಳಲಿಲ್ಲ; ನಾಟಕಕ್ಕೆ ಒಪ್ಪಿಸಿದನು. ಅವನ ಐವತ್ತು ವರ್ಷಗಳಿಗೂ ಮೀರಿದ ಕೃತಿಜೀವನದ ಅಂತಸ್ಸೂತ್ರವು ಇದೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಅದಕ್ಕೆ ಮೊದಲು, ಅವನ ಜೀವನವನ್ನು ಮುಸುಕಿರುವ ಕೆಲವು ಕಥೆಗಳನ್ನು ಬದಿಗೆ ಸರಿಸುವುದು ಅವಶ್ಯಕ.

1. ಜೀವನ ಮತ್ತು ದಂತಕಥೆ

ವೆರ್ಡಿಯು 1813ರ ಅಕ್ಟೋಬರ್ ತಿಂಗಳಲ್ಲಿ ಉತ್ತರ ಇಟಲಿಯ ಬುಸೆಟೊ ಪಟ್ಟಣದ ಸಮೀಪದಲ್ಲಿರುವ ಲೆ ರೋಂಕೊಲೆ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಆ ಪ್ರಾಂತವು ಆಗ ನೆಪೋಲಿಯನ್ನನ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ಮಗುವಿನ ಹೆಸರು ಸರ್ಕಾರದ ದಫ್ತರದಲ್ಲಿ ಫ್ರೆಂಚ್ ರೂಪದಲ್ಲಿ ದಾಖಲಾಯಿತು. ಇಟಲಿ ಎಂಬ ಏಕರಾಷ್ಟ್ರವು ಇನ್ನೂ ಹುಟ್ಟಿರಲಿಲ್ಲ. ವೆರ್ಡಿಯು ಮುಂದೆ ತನ್ನನ್ನು ರೋಂಕೊಲೆಯ ಒಬ್ಬ ರೈತನೆಂದು ಹೇಳಿಕೊಳ್ಳುವುದರಲ್ಲಿ ಸಂತೋಷಪಡುತ್ತಿದ್ದನು. ಅವನ ತಂದೆ ಕಾರ್ಲೊ ವೆರ್ಡಿಯು ಸಿರಿವಂತನಲ್ಲವೆಂಬುದು ನಿಜ. ಆದರೆ ಅವನು ಒಂದು ಛತ್ರವನ್ನೂ ಅಂಗಡಿಯನ್ನೂ ನಡೆಸುತ್ತಿದ್ದವನು, ಸಣ್ಣ ಜಮೀನುದಾರರ ಮತ್ತು ವರ್ತಕರ ಕುಲಕ್ಕೆ ಸೇರಿದವನು. ಮಗನಿಗೆ ಚಿಕ್ಕಂದಿನಲ್ಲಿಯೇ ಸ್ಪಿನೆಟ್ ಎಂಬ ಹಳೆಯ ತಂತಿವಾದ್ಯವೊಂದನ್ನು ತಂದುಕೊಟ್ಟನು. 1821ರಲ್ಲಿ ಅದನ್ನು ದುರಸ್ತು ಮಾಡಿದ ಕುಶಲಕರ್ಮಿಯು ಬಾಲಕನ ಕಲಿಕೆಯ ಶ್ರದ್ಧೆಯನ್ನು ಕಂಡು ಕೂಲಿಯನ್ನು ಬೇಡವೆಂದು ಬಿಟ್ಟನಂತೆ. ಈ ವಿಷಯವನ್ನು ಅವನು ವಾದ್ಯದೊಳಗೇ ಬರೆದಿಟ್ಟಿದ್ದಾನೆ.

ಬುಸೆಟೊ ಪಟ್ಟಣದ ವರ್ತಕನೂ ಸಂಗೀತಪ್ರಿಯನೂ ಆದ ಆಂತೋನಿಯೊ ಬಾರೆಜ್ಜಿಯು ಈ ಬಾಲಕನ ಪೋಷಕನಾದನು. 1832ರಲ್ಲಿ ಮಿಲಾನಿನ ಸಂಗೀತ ವಿದ್ಯಾಲಯವು ವೆರ್ಡಿಯನ್ನು ಸೇರಿಸಿಕೊಳ್ಳಲಿಲ್ಲ. ವಯಸ್ಸು ಮೀರಿತ್ತು, ಪಾರ್ಮಾ ಸಂಸ್ಥಾನದವನಾದುದರಿಂದ ಮಿಲಾನಿಗೆ ಅವನು ಪರದೇಶೀಯನಾಗಿದ್ದನು, ಪಿಯಾನೊ ನುಡಿಸುವಾಗ ಅವನ ಕೈಯ ಇರವು ಸರಿಯಿಲ್ಲವೆಂದೂ ಪರೀಕ್ಷಕರು ಕಂಡರು. ಈ ಅವಮಾನವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಬಾರೆಜ್ಜಿಯ ನೆರವಿನಿಂದ ವಿಂಚೆಂಜೊ ಲವಿನ್ಯಾ ಎಂಬ ಗುರುವಿನ ಬಳಿ ಖಾಸಗಿಯಾಗಿ ಅಭ್ಯಾಸಮಾಡಿ, 1836ರಲ್ಲಿ ಪೋಷಕನ ಮಗಳಾದ ಮಾರ್ಗರಿತಾಳನ್ನು ಮದುವೆಯಾದನು. 1839ರ ನವೆಂಬರಿನಲ್ಲಿ ಅವನ ಮೊದಲ ಗೀತನಾಟಕ ‘ಒಬೆರ್ತೊ’ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಪ್ರದರ್ಶಿತವಾಯಿತು.

ಅಷ್ಟರಲ್ಲಿ ಅವನ ಮನೆಯು ಬರಿದಾಗುತ್ತ ಬಂದಿತ್ತು. ಮಗಳು 1838ರಲ್ಲಿ, ಮಗನು 1839ರಲ್ಲಿ, ಹೆಂಡತಿಯು 1840ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಆ ದುಃಖದ ನಡುವೆಯೇ ಕರಾರಿನಂತೆ ಬರೆದುಕೊಟ್ಟ ಹಾಸ್ಯಕೃತಿಯೊಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಪ್ರದರ್ಶನದಲ್ಲಿ ನೆಲಕಚ್ಚಿತು. ಸುಮಾರು ನಾಲ್ವತ್ತು ವರ್ಷಗಳ ಅನಂತರ, 1879ರಲ್ಲಿ, ತನ್ನ ಪ್ರಕಾಶಕನಾದ ಜೂಲಿಯೊ ರಿಕೋರ್ಡಿಗೆ ಈ ಕಾಲದ ವೃತ್ತಾಂತವನ್ನು ಹೇಳುವಾಗ, ಮೂವರೂ ಎರಡು ತಿಂಗಳ ಅವಧಿಯಲ್ಲಿ ಒಬ್ಬರ ಹಿಂದೊಬ್ಬರಂತೆ ಸತ್ತರೆಂದು ವೆರ್ಡಿಯು ತಿಳಿಸಿದನು. ಇದು ಸುಳ್ಳು ಹೇಳುವ ಉದ್ದೇಶದಿಂದ ಆಡಿದ ಮಾತಲ್ಲ. ಸುಮಾರು ಎರಡು ವರ್ಷಗಳ ಶೋಕವು ನೆನಪಿನಲ್ಲಿ ಎರಡು ತಿಂಗಳಾಗಿ ಸಾಂದ್ರಗೊಂಡಿತ್ತು. ಆದರೆ ನಾಟಕಕಾರನ ಮನಸ್ಸು ತನ್ನ ಬದುಕನ್ನೂ ಒಂದು ಅಂಕವನ್ನಾಗಿ ಹೇಗೆ ಕಟ್ಟಿಕೊಳ್ಳುವುದೆಂಬುದಕ್ಕೆ ಇದೊಂದು ನಿದರ್ಶನ.

ಇದೇ ವೃತ್ತಾಂತದಲ್ಲಿ ‘ನಬುಕ್ಕೊ’ ಕೃತಿಯು ಹುಟ್ಟಿದ ಪ್ರಸಿದ್ಧ ಕಥೆಯೂ ಬರುತ್ತದೆ. ಇನ್ನು ಬರೆಯುವುದಿಲ್ಲವೆಂದು ನಿಶ್ಚಯಿಸಿದ್ದ ವೆರ್ಡಿಗೆ ಲಾ ಸ್ಕಾಲಾದ ವ್ಯವಸ್ಥಾಪಕನು ಒಂದು ಗೀತಪಾಠವನ್ನು ಬಲವಂತವಾಗಿ ಕೊಟ್ಟನೆಂದೂ, ಮನೆಗೆ ಬಂದು ಅದನ್ನು ಮೇಜಿನ ಮೇಲೆ ಎಸೆದಾಗ ಬ್ಯಾಬಿಲೋನಿನಲ್ಲಿ ಸೆರೆಯಾಗಿದ್ದ ಯೆಹೂದ್ಯರು ತಾಯ್ನಾಡನ್ನು ನೆನೆದು ಹಾಡುವ ಮೇಳಗಾನದ ಪುಟವೇ ತೆರೆದುಕೊಂಡಿತೆಂದೂ ಆ ಕಥೆ ಹೇಳುತ್ತದೆ. ಆದರೆ ಹತ್ತು ವರ್ಷಗಳಷ್ಟು ಮುಂಚೆ ಅವನ ಸ್ನೇಹಿತರ ಮೂಲಕ ಅಚ್ಚಾಗಿದ್ದ ಇನ್ನೊಂದು ವೃತ್ತಾಂತದ ಪ್ರಕಾರ, ಆ ಪುಸ್ತಕವು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದು, ವೆರ್ಡಿಯು ಮೊದಲು ಸ್ವರಹಾಕಿದುದು ನಾಯಕಿಯ ಮರಣದ ದೃಶ್ಯಕ್ಕೆ. 1842ರ ಮಾರ್ಚ್ 9ರಂದು ‘ನಬುಕ್ಕೊ’ ಪ್ರದರ್ಶಿತವಾದಾಗ ಪ್ರೇಕ್ಷಕರು ಆಸ್ಟ್ರಿಯದ ಅಧಿಕಾರಿಗಳನ್ನು ಲೆಕ್ಕಿಸದೆ ಆ ಮೇಳಗಾನವನ್ನೇ ಮತ್ತೊಮ್ಮೆ ಹಾಡಿಸಿದರೆಂಬುದು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದ ಮಾತು. 1990ರ ದಶಕದಲ್ಲಿ ರೋಜರ್ ಪಾರ್ಕರ್ ಎಂಬ ಬ್ರಿಟಿಷ್ ವಿದ್ವಾಂಸನು ಅಂದಿನ ಪತ್ರಿಕೆಗಳನ್ನು ಶೋಧಿಸಿ, ಮತ್ತೊಮ್ಮೆ ಹಾಡಿಸಲ್ಪಟ್ಟುದು ಕೃತಿಯ ಕೊನೆಯಲ್ಲಿ ಬರುವ ದೇವಸ್ತುತಿಯೇ ಹೊರತು ಸೆರೆಯಾಳುಗಳ ಹಾಡಲ್ಲವೆಂದು ತೋರಿಸಿದ್ದಾನೆ.

ಇಷ್ಟರಿಂದ ವೆರ್ಡಿಗೂ ಇಟಲಿಯ ಸ್ವಾತಂತ್ರ್ಯಸಮರಕ್ಕೂ ಸಂಬಂಧವಿರಲಿಲ್ಲವೆಂದು ಭಾವಿಸಲಾಗದು. 1849ರ ಜನವರಿಯಲ್ಲಿ, ರೋಮ್ ನಗರವು ಕ್ರಾಂತಿಯಲ್ಲಿ ಕುದಿಯುತ್ತಿದ್ದಾಗ, ಅವನು ಅಲ್ಲಿ ಪ್ರದರ್ಶಿಸಿದ ‘ಲೆನ್ಯಾನೊ ಯುದ್ಧ’ವು ಸ್ಪಷ್ಟವಾಗಿ ದೇಶಾಭಿಮಾನದ ಕೃತಿ. 1859ರ ಸುಮಾರಿಗೆ ಗೋಡೆಗಳ ಮೇಲೆ ಕಂಡುಬಂದ ‘ವೆರ್ಡಿಗೆ ಜಯವಾಗಲಿ’ ಎಂಬ ಘೋಷಣೆಯಲ್ಲಿ ಒಂದು ಗೂಢಾರ್ಥವಿತ್ತು: ವೆರ್ಡಿ ಎಂಬ ಹೆಸರಿನ ಅಕ್ಷರಗಳು ‘ಇಟಲಿಯ ರಾಜ ವಿಟ್ಟೋರಿಯೊ ಎಮಾನುಎಲೆ’ ಎಂಬ ಇಟಾಲಿಯನ್ ಪದಗಳ ಮೊದಲಕ್ಷರಗಳಾಗಿದ್ದವು. 1861ರಲ್ಲಿ ಕವೂರನ ಒತ್ತಾಯದಿಂದ ಹೊಸ ರಾಷ್ಟ್ರದ ಮೊದಲ ಸಂಸತ್ತಿಗೆ ಅವನು ಸದಸ್ಯನಾಗಿ ಆಯ್ಕೆಗೊಂಡನು. ಆದರೆ ರಾಷ್ಟ್ರಪ್ರವಾದಿ ಎಂಬ ಬಿರುದು ಬಹುಮಟ್ಟಿಗೆ ಅನಂತರ ಬಂದುದು. ದಂತಕಥೆಗೆ ಇರುವ ದೋಷವೇನೆಂದರೆ, ಅದು ಕೃತಿಯನ್ನು ದೈವಸ್ಫೂರ್ತಿಯ ಒಂದು ಕ್ಷಣಕ್ಕೆ ಒಪ್ಪಿಸಿ, ಕೃತಿಕಾರನ ದುಡಿಮೆಯನ್ನು ಮರೆಮಾಡುತ್ತದೆ.

2. ರೂಢಿಯ ಚೌಕಟ್ಟು

ಆ ದುಡಿಮೆಯು ಎಂತಹುದೆಂದು ತಿಳಿಯಬೇಕಾದರೆ ವೆರ್ಡಿಯ ಕೈಗೆ ಬಂದ ಚೌಕಟ್ಟನ್ನು ತಿಳಿಯಬೇಕು. ರೊಸ್ಸೀನಿಯ ಕಾಲದಲ್ಲಿ ಸ್ಥಿರಪಟ್ಟಿದ್ದ ಪದ್ಧತಿಯಂತೆ ಪ್ರಧಾನ ಪಾತ್ರದ ಏಕಗಾನವು ಸಾಮಾನ್ಯವಾಗಿ ಹೀಗೆ ನಡೆಯುತ್ತಿತ್ತು: ಮೊದಲು ಮಾತಿಗೆ ಸಮೀಪವಾದ ಸ್ವರದಲ್ಲಿ ಸಂದರ್ಭದ ನಿರೂಪಣೆ, ಆಮೇಲೆ ವಿಳಂಬಗತಿಯ ಭಾವಗೀತೆ, ನಡುವೆ ದೂತನೊಬ್ಬನು ಬಂದು ಸುದ್ದಿ ತರುವಂತಹ ಯಾವುದಾದರೊಂದು ಘಟನೆ, ಕೊನೆಗೆ ‘ಕಬಲೆತ್ತಾ’ ಎಂಬ ದ್ರುತಗತಿಯ ಗೀತೆ. ಈ ಕೊನೆಯ ಗೀತೆಯನ್ನು ಎರಡು ಸಲ ಹಾಡುವುದು ನಿಯಮ. ಎರಡನೆಯ ಸಲ ಗಾಯಕರು ತಮ್ಮ ಕಂಠದ ಚಮತ್ಕಾರಗಳನ್ನೆಲ್ಲ ಸೇರಿಸಿ ಕರತಾಡನವನ್ನು ಪಡೆಯುತ್ತಿದ್ದರು. ಪಾತ್ರವು ಪ್ರಾಣಸಂಕಟದಲ್ಲಿದ್ದರೂ ಸರಿಯೆ, ಎರಡನೆಯ ಸಲ ಹಾಡುವವರೆಗೆ ಕಥೆಯು ಕಾದು ನಿಲ್ಲಬೇಕಾಗಿತ್ತು.

ಈ ಪದ್ಧತಿಯನ್ನು ಬರಿಯ ದೋಷವೆಂದು ತಳ್ಳಿಹಾಕುವುದು ಸಲ್ಲದು. ವರ್ಷಕ್ಕೆ ಒಂದೆರಡು ಕೃತಿಗಳನ್ನು ಕರಾರಿನ ಮೇಲೆ ಒದಗಿಸಬೇಕಾಗಿದ್ದ ಸಂಗೀತಕರ್ತರಿಗೆ ಅದು ಊರುಗೋಲಾಗಿತ್ತು. ಪ್ರೇಕ್ಷಕರಿಗೂ ಪರಿಚಿತ ದಾರಿಯಾಗಿತ್ತು. ವೆರ್ಡಿಯೂ ಈ ವ್ಯವಸ್ಥೆಯೊಳಗೇ ದುಡಿದನು. 1839ರಿಂದ 1853ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಅವನು 18 ಗೀತನಾಟಕಗಳನ್ನು ರಚಿಸಿದನು. ಉಳಿದ ನಾಲ್ವತ್ತು ವರ್ಷಗಳಲ್ಲಿ ರಚಿಸಿದುದು, ಪರಿಷ್ಕರಣಗಳನ್ನು ಬಿಟ್ಟರೆ, ಎಂಟನ್ನು ಮಾತ್ರ. 1858ರಲ್ಲಿ ಸ್ನೇಹಿತೆಯೊಬ್ಬಳಿಗೆ ಬರೆದ ಪತ್ರದಲ್ಲಿ, ‘ನಬುಕ್ಕೊ’ ಕಾಲದಿಂದ ತನಗೆ ಒಂದು ಗಂಟೆಯ ನೆಮ್ಮದಿಯೂ ದೊರೆತಿಲ್ಲವೆಂದೂ, ಹದಿನಾರು ವರ್ಷಗಳನ್ನು ಹಡಗಿನಲ್ಲಿ ಹುಟ್ಟುಹಾಕುವ ಕೈದಿಯಂತೆ ಕಳೆದೆನೆಂದೂ ಅವನು ಹೇಳಿಕೊಂಡಿದ್ದಾನೆ.

3. ಸುಸ್ವರದ ತಿರಸ್ಕಾರ: ‘ಮ್ಯಾಕ್‌ಬೆತ್’

ಷೇಕ್ಸ್‌ಪಿಯರನನ್ನು ಓದಿದ ವಿದ್ಯಾರ್ಥಿಗಳಿಗೆ ವೆರ್ಡಿಯ ಮಾರ್ಗವು ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು 1847ರ ಮಾರ್ಚ್ 14ರಂದು ಫ್ಲಾರೆನ್ಸಿನಲ್ಲಿ ಪ್ರದರ್ಶಿತವಾದ ‘ಮ್ಯಾಕ್‌ಬೆತ್’ ಕೃತಿಯಲ್ಲಿ. ಇದರಲ್ಲಿ ನಾಯಕ ನಾಯಿಕೆಯರ ಪ್ರಣಯವಿಲ್ಲ. ಪ್ರಣಯವಿಲ್ಲದ ಗೀತನಾಟಕವು ಅಂದಿನ ಇಟಲಿಗೆ ಒಂದು ಸೋಜಿಗ. ದೊರೆಯ ಕೊಲೆಯಾದ ಕೂಡಲೇ ಗಂಡಹೆಂಡಿರ ನಡುವೆ ನಡೆಯುವ ಯುಗಳಗಾನವನ್ನು ನೂರೈವತ್ತು ಸಲಕ್ಕೂ ಹೆಚ್ಚಾಗಿ ಅಭ್ಯಾಸ ಮಾಡಿಸಿದನೆಂದು ಅದರಲ್ಲಿ ಹಾಡಿದ ಗಾಯಕಿ ಮರಿಯಾನಾ ಬಾರ್ಬಿಯೆರಿ-ನೀನಿಯು ಮುಂದೆ ನೆನೆಸಿಕೊಂಡಿದ್ದಾಳೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಅಭಿಪ್ರಾಯವು ನಿಸ್ಸಂದೇಹವಾದುದು. ಗಾನದಂತೆ ಕೇಳಬಾರದು, ಪಿಸುಮಾತಿನಂತೆ ಕೇಳಬೇಕು ಎಂಬುದು ಅವನ ಹಟ.

ಮರುವರ್ಷ ಈ ಕೃತಿಯು ನೇಪಲ್ಸ್ ನಗರದಲ್ಲಿ ಪ್ರದರ್ಶನಕ್ಕೆ ಸಿದ್ಧವಾಗುತ್ತಿದ್ದಾಗ, ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಎಉಜೇನಿಯಾ ತಾದೊಲಿನಿ ಎಂಬ ಹೆಸರಾಂತ ಗಾಯಕಿಯನ್ನು ಆರಿಸಿರುವ ಸಂಗತಿ ಅವನಿಗೆ ತಿಳಿಯಿತು. ಬೇರೆ ಯಾವ ಸಂಗೀತಕರ್ತನಾಗಿದ್ದರೂ ಹಿಗ್ಗುತ್ತಿದ್ದನು. ವೆರ್ಡಿಯು ಆಕ್ಷೇಪಿಸಿ ಪತ್ರ ಬರೆದನು. ಅವನ ಆಕ್ಷೇಪದ ಸಾರಾಂಶವಿಷ್ಟು: ಆಕೆ ಸುಂದರಿ, ಲೇಡಿ ಮ್ಯಾಕ್‌ಬೆತ್ ಕುರೂಪಿಯೂ ದುಷ್ಟೆಯೂ ಆಗಿ ಕಾಣಬೇಕು, ಆಕೆಯ ಹಾಡುಗಾರಿಕೆ ನಿರ್ದೋಷವಾದುದು, ಈ ಪಾತ್ರವಾದರೋ ಹಾಡಲೇಬಾರದು, ಆಕೆಯ ಕಂಠ ನಿರ್ಮಲವೂ ಬಲಿಷ್ಠವೂ ಆದುದು, ಈ ಪಾತ್ರದ ಕಂಠ ಕರ್ಕಶವಾಗಿ, ಉಸಿರುಕಟ್ಟಿದಂತೆ, ಕತ್ತಲೆ ಕವಿದಂತೆ ಇರಬೇಕು. ಇಡೀ ಕೃತಿಯು ಎರಡು ಸ್ಥಳಗಳ ಮೇಲೆ ನಿಂತಿದೆ: ಒಂದು ಆ ಯುಗಳಗಾನ, ಇನ್ನೊಂದು ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆದಾಡುವ ದೃಶ್ಯ, ಅವೆರಡನ್ನೂ ಹಾಡದೆ ಅಭಿನಯಿಸಬೇಕು ಎಂದೂ ಅವನು ವಿಧಿಸಿದನು.

ಇಂಪೇ ಗಾನದ ಪ್ರಾಣವೆಂದು ನಂಬಿದ್ದ ನಾಡಿನಲ್ಲಿ ಈ ಮಾತಿಗೆ ಎಷ್ಟು ಸಾಹಸ ಬೇಕಾಗಿತ್ತೆಂಬುದನ್ನು ಊಹಿಸಬಹುದು. ರಸಕ್ಕೆ ಅನುಗುಣವಾಗದ ಅಲಂಕಾರವು ದೋಷವೇ ಆಗುವುದೆಂದು ನಮ್ಮ ಅಲಂಕಾರಶಾಸ್ತ್ರವು ಹೇಳುವ ಔಚಿತ್ಯವಿಚಾರವನ್ನು ಬಲ್ಲವರಿಗೆ ಈ ನಿಲುವು ಅಪರಿಚಿತವೆನಿಸದು.

4. ಮೂರು ಕೃತಿಗಳು, ಎರಡು ವರ್ಷಗಳು

1851ರ ಮಾರ್ಚಿಯಿಂದ 1853ರ ಮಾರ್ಚಿಯವರೆಗಿನ ಅವಧಿಯಲ್ಲಿ ‘ರಿಗೊಲೆಟ್ಟೊ’, ‘ಇಲ್ ತ್ರೊವಾತೊರೆ’, ‘ಲಾ ತ್ರಾವಿಯಾತಾ’ ಎಂಬ ಮೂರು ಕೃತಿಗಳು ಹೊರಬಂದವು. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಇಲ್ಲಿ ವಿಚಾರಿಸಬಹುದು.

‘ರಿಗೊಲೆಟ್ಟೊ’ ಕೃತಿಗೆ ಮೂಲ ವಿಕ್ಟರ್ ಹ್ಯೂಗೋನ ನಾಟಕ; 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಪ್ರದರ್ಶನದ ಬಳಿಕ ಅದು ನಿಷಿದ್ಧವಾಗಿತ್ತು. ಲಂಪಟನಾದ ದೊರೆ, ಅವನ ಆಸ್ಥಾನದ ಗೂನುಬೆನ್ನಿನ ವಿದೂಷಕ, ವಿದೂಷಕನು ಬಚ್ಚಿಟ್ಟು ಸಾಕಿದ ಮಗಳು: ಇವರು ಮೂವರು ಮುಖ್ಯ ಪಾತ್ರಗಳು. ದೊರೆಯು ಆ ಮಗಳನ್ನೇ ಕೆಡಿಸುವನು. ಸೇಡು ತೀರಿಸಿಕೊಳ್ಳಲು ತಂದೆಯು ಕೊಲೆಗಾರನನ್ನು ಗೊತ್ತುಮಾಡುವನು. ವೆನಿಸ್ ನಗರವನ್ನು ಆಳುತ್ತಿದ್ದ ಆಸ್ಟ್ರಿಯದ ಸೆನ್ಸಾರ್ ಅಧಿಕಾರಿಗಳು 1850ರ ಡಿಸೆಂಬರಿನಲ್ಲಿ ಇದನ್ನು ನಿಷೇಧಿಸಿದರು. ಗೂನನ್ನು ತೆಗೆದುಹಾಕಿ, ಹೆಣವಿಟ್ಟ ಚೀಲವನ್ನು ಬಿಟ್ಟು ಬರೆಯಬೇಕೆಂಬ ಸೂಚನೆ ಬಂದಾಗ ವೆರ್ಡಿಯು ಒಪ್ಪಲಿಲ್ಲ. ಹೊರಗೆ ವಿಕಾರನೂ ನಗೆಪಾಟಲಿಗೆ ಈಡಾದವನೂ ಆಗಿ, ಒಳಗೆ ವಾತ್ಸಲ್ಯದಿಂದ ತುಂಬಿದವನಾಗಿರುವ ಮನುಷ್ಯನನ್ನು ಚಿತ್ರಿಸುವುದೇ ತನಗೆ ಚೆಲುವಾಗಿ ಕಂಡಿತೆಂದು ಅವನು ಉತ್ತರ ಬರೆದನು. ಕೊನೆಗೆ ಫ್ರಾನ್ಸಿನ ದೊರೆಯು ಮಾಂಟುವಾದ ಡ್ಯೂಕನಾದನು, ಹೆಸರುಗಳು ಬದಲಾದವು. ಗೂನೂ ಚೀಲವೂ ಉಳಿದುಕೊಂಡವು.

ಈ ಕೃತಿಯ ರಚನೆಯಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ರೂಢಿಯ ಕ್ರಮದ ವಿಪರ್ಯಯ. ಮಗಳನ್ನು ಅಪಹರಿಸಿದ ಆಸ್ಥಾನಿಕರ ಮುಂದೆ ವಿದೂಷಕನು ಹಾಡುವ ಏಕಗಾನವು ಮೆಲ್ಲನೆ ಆರಂಭವಾಗಿ ಆರ್ಭಟದಲ್ಲಿ ಮುಗಿಯುವುದಿಲ್ಲ. ಆರ್ಭಟದಿಂದ ತೊಡಗಿ, ಅಳುವಾಗಿ, ಕೊನೆಗೆ ದೀನವಾದ ಯಾಚನೆಯಾಗಿ ಇಳಿಯುತ್ತದೆ. ಅಸಹಾಯಕನ ಕೋಪವು ಕರಗುವ ಕ್ರಮವೇ ಗಾನದ ಕ್ರಮವಾಗಿದೆ. ಎರಡನೆಯದು, ಇಂಪಾದ ಹಾಡನ್ನು ನಾಟಕದ ಆಯುಧವಾಗಿ ಬಳಸಿರುವ ಬಗೆ. ಕೊನೆಯ ಅಂಕದಲ್ಲಿ ಡ್ಯೂಕನು ಹೆಂಗಸರ ಚಂಚಲತೆಯನ್ನು ಕುರಿತು ಹಗುರವಾದ ಒಂದು ಹಾಡನ್ನು ಹಾಡುತ್ತಾನೆ. ಇದು ಒಮ್ಮೆ ಕೇಳಿದರೆ ಯಾರ ಬಾಯಲ್ಲಿಯಾದರೂ ನಿಲ್ಲುವಂತಹುದು. ನಡುರಾತ್ರಿ ಬಿರುಗಾಳಿ ತಣಿದ ಮೇಲೆ ವಿದೂಷಕನು ಶತ್ರುವಿನ ಹೆಣವಿದೆಯೆಂದು ನಂಬಿದ ಚೀಲವನ್ನು ಹೊಳೆಗೆ ಎಳೆದುಕೊಂಡು ಹೋಗುತ್ತಿರುವಾಗ, ದೂರದಿಂದ ಅದೇ ಹಾಡು ಅದೇ ಕಂಠದಿಂದ ತೇಲಿಬರುತ್ತದೆ. ಡ್ಯೂಕನು ಬದುಕಿದ್ದಾನೆ, ಹಾಗಾದರೆ ಚೀಲದೊಳಗೆ ಯಾರು? ಒಂದು ಮಾತಿನ ವಿವರಣೆಯೂ ಇಲ್ಲದೆ, ಹಾಡು ಕಿವಿಗೆ ಬಿದ್ದ ಮಾತ್ರದಿಂದಲೇ ತಂದೆಗೂ ಪ್ರೇಕ್ಷಕರಿಗೂ ಏಕಕಾಲದಲ್ಲಿ ನಡುಕ ಹುಟ್ಟುತ್ತದೆ. ಆ ಧಾಟಿಯು ಸುಲಭವಾಗಿರಬೇಕಾದ ಕಾರಣವು ಇಲ್ಲಿ ತಿಳಿಯುತ್ತದೆ: ಸುಲಭವಾಗಿರದಿದ್ದರೆ ಕೂಡಲೇ ಗುರುತು ಹತ್ತುತ್ತಿರಲಿಲ್ಲ. ಆ ಹಾಡನ್ನು ನಾಟಕದಿಂದ ಬೇರ್ಪಡಿಸಿ ಕೇಳಿ ಅಗ್ಗದ ರಚನೆಯೆಂದು ಎಣಿಸುವವರು ಈ ಅಂಶವನ್ನು ಗಮನಿಸಿರುವುದಿಲ್ಲ.

ಇನ್ನೊಂದು ಏಕಗಾನವನ್ನು ಈ ಕೃತಿಗೆ ಸೇರಿಸಿಕೊಡಬೇಕೆಂದು 1852ರಲ್ಲಿ ಗಾಯಕಿಯೊಬ್ಬಳ ಗಂಡನು ಕೇಳಿದಾಗ ವೆರ್ಡಿಯು ನಿರಾಕರಿಸಿದನು. ತಾನು ಇದನ್ನು ಯುಗಳಗಾನಗಳ ಒಂದು ಅಖಂಡ ಸರಣಿಯಾಗಿ ಕಲ್ಪಿಸಿರುವುದಾಗಿ ತಿಳಿಸಿದನು. 1941ರಲ್ಲಿ ಪ್ರಕಟವಾದ ಅವನ ಕರಡುಪ್ರತಿಯೂ ಇದನ್ನು ಪುಷ್ಟೀಕರಿಸುತ್ತದೆ. ಅದರಲ್ಲಿ ಬಿಡಿಬಿಡಿಯಾದ ಹಾಡುಗಳ ಬದಲಾಗಿ, ಕಂಠದ ಸ್ವರವೂ ಮಂದ್ರದ ಆಧಾರವೂ ಒಂದೇ ಎಳೆಯಾಗಿ ದೃಶ್ಯದಿಂದ ದೃಶ್ಯಕ್ಕೆ ಸಾಗಿವೆ.

‘ಲಾ ತ್ರಾವಿಯಾತಾ’ ಕ್ಷಯರೋಗದಿಂದ ಸಾಯುವ ಪ್ಯಾರಿಸ್ಸಿನ ಗಣಿಕೆಯೊಬ್ಬಳ ಕಥೆ. ಕಿರಿಯ ಡ್ಯೂಮಾನ ನಾಟಕವು ಇದಕ್ಕೆ ಆಧಾರ. ಪಾತ್ರಗಳು ಸಮಕಾಲೀನ ಉಡುಪಿನಲ್ಲಿಯೇ ಬರಬೇಕೆಂದು ವೆರ್ಡಿಯು ಬಯಸಿದ್ದರೂ ವೆನಿಸ್ ನಗರದಲ್ಲಿ ಕಥೆಯನ್ನು 1700ರ ಸುಮಾರಿಗೆ ಹಿಂದೂಡಲಾಯಿತು. ತಮ್ಮ ಕಾಲದ ಸಭ್ಯಸಮಾಜದ ಕಾಠಿನ್ಯವನ್ನು ತಮ್ಮ ಕಾಲದ ಉಡುಪಿನಲ್ಲಿ ನೋಡಲು ಪ್ರೇಕ್ಷಕರಿಗೆ ಅವಕಾಶವಾಗಲಿಲ್ಲ. ಈ ವಿಷಯವು ವೆರ್ಡಿಗೆ ದೂರದ್ದಾಗಿರಲಿಲ್ಲ. ‘ನಬುಕ್ಕೊ’ ಕೃತಿಯ ಮೊದಲ ನಾಯಕಿಯಾಗಿ ಹಾಡಿದ್ದ ಜುಸೆಪ್ಪೀನಾ ಸ್ಟ್ರೆಪ್ಪೋನಿಯೊಡನೆ ಅವನು ವಿವಾಹವಿಲ್ಲದೆಯೇ ಸಂಸಾರ ಹೂಡಿದ್ದನು. ಬುಸೆಟೊ ಪಟ್ಟಣದ ಜನರು ಆಕೆಯನ್ನು ತಿರಸ್ಕಾರದಿಂದ ಕಂಡರು. 1852ರಲ್ಲಿ ತನ್ನ ಮಾವನೂ ಪೋಷಕನೂ ಆದ ಬಾರೆಜ್ಜಿಗೇ ಅವನು ಪತ್ರ ಬರೆದು, ತನ್ನ ಮನೆಯ ವಿಚಾರದಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂದು ತಿಳಿಸಿದನು. ಅವರಿಬ್ಬರ ವಿವಾಹವು ನಡೆದುದು 1859ರಲ್ಲಿ. ಆದರೂ ಜುಸೆಪ್ಪೀನಾಳ ಕಥೆಯೇ ಈ ಕೃತಿಯೆಂದು ಹೇಳುವುದು ಮತ್ತೊಂದು ದಂತಕಥೆಗೆ ದಾರಿಮಾಡಿದಂತಾಗುವುದು.

ಈ ಕೃತಿಯ ಕೊನೆಯ ಅಂಕದಲ್ಲಿ, ಸಾಯುತ್ತಿರುವ ವಿಯೊಲೆತ್ತಾ ಪ್ರಿಯನ ತಂದೆಯಿಂದ ಬಂದ ಪತ್ರವನ್ನು ಓದಿಕೊಳ್ಳುತ್ತಾಳೆ. ಆ ಪತ್ರವನ್ನು ಆಕೆ ಹಾಡುವುದಿಲ್ಲ, ಬರಿಯ ಮಾತಿನಲ್ಲಿ ಓದುತ್ತಾಳೆ. ಮೊದಲ ಅಂಕದಲ್ಲಿ ಪ್ರಿಯನು ತನ್ನ ಒಲವನ್ನು ತೋಡಿಕೊಂಡಿದ್ದ ಧಾಟಿಯನ್ನು ಆಗ ಪಿಟೀಲುಗಳು ಮೆಲುದನಿಯಲ್ಲಿ ನುಡಿಸುತ್ತವೆ. ಕಂಠವು ಗಾನವನ್ನು ಬಿಟ್ಟುಕೊಟ್ಟ ಸ್ಥಳದಲ್ಲಿ ವಾದ್ಯವು ನೆನಪನ್ನು ಹಾಡುತ್ತದೆ. 1853ರ ಮಾರ್ಚ್ 6ರ ಮೊದಲ ಪ್ರದರ್ಶನವು ಸೋತಿತು. ತಪ್ಪು ತನ್ನದೋ ಗಾಯಕರದೋ ಎಂಬುದನ್ನು ಕಾಲವೇ ನಿರ್ಣಯಿಸಲಿ ಎಂದು ವೆರ್ಡಿಯು ಬರೆದನು. ಮರುವರ್ಷದ ಮೇ ತಿಂಗಳಲ್ಲಿ ಅದೇ ವೆನಿಸ್ ನಗರದ ಇನ್ನೊಂದು ರಂಗಮಂದಿರದಲ್ಲಿ ಅದು ಜಯಪ್ರದವಾಯಿತು.

5. ರಂಗದ ಮಾತು

ವೆರ್ಡಿಯು ಲಕ್ಷಣಗ್ರಂಥವನ್ನಾಗಲಿ ಪ್ರಬಂಧವನ್ನಾಗಲಿ ಬರೆದವನಲ್ಲ. ಅದೇ 1813ರಲ್ಲಿ ಹುಟ್ಟಿದ ಜರ್ಮನಿಯ ವಾಗ್ನರನು ತನ್ನ ಗೀತಪಾಠಗಳನ್ನು ತಾನೇ ಬರೆದುದಲ್ಲದೆ, ತನ್ನ ಸಿದ್ಧಾಂತವನ್ನು ಸಂಪುಟಗಳಲ್ಲಿ ಪ್ರತಿಪಾದಿಸಿದನು. ವೆರ್ಡಿಯ ಸಿದ್ಧಾಂತವನ್ನು ಅವನ ಪತ್ರಗಳಲ್ಲಿ ಹುಡುಕಬೇಕು. 1870ರಲ್ಲಿ ‘ಐದಾ’ ಕೃತಿಯ ಗೀತಪಾಠಕಾರನಾದ ಗಿಸ್ಲಾನ್ಜೋನಿಗೆ ಬರೆದ ಪತ್ರವು ಅವುಗಳಲ್ಲಿ ಮುಖ್ಯವಾದುದು. ಅಲ್ಲಿ ಅವನು ‘ರಂಗದ ಮಾತು’ ಎಂಬ ಪರಿಭಾಷೆಯನ್ನು ಬಳಸಿ, ಸನ್ನಿವೇಶವನ್ನು ಕಡೆದು ನಿಲ್ಲಿಸಿ ಪ್ರೇಕ್ಷಕನ ಕಣ್ಣಿಗೆ ಕಟ್ಟುವಂತೆ ಮಾಡುವ ನುಡಿಯೇ ಅದೆಂದು ವಿವರಿಸುತ್ತಾನೆ. ಅಂತಹ ನುಡಿ ಛಂದಸ್ಸಿಗೆ ಒಗ್ಗದಿದ್ದರೆ ಛಂದಸ್ಸನ್ನೂ ಪ್ರಾಸವನ್ನೂ ಮುರಿಯಬೇಕು. ಸಮಯ ಬಂದಾಗ ಕಾವ್ಯವನ್ನೂ ಸಂಗೀತವನ್ನೂ ಕೈಬಿಡುವ ಧೈರ್ಯವು ಕವಿಗೂ ಸಂಗೀತಕರ್ತನಿಗೂ ಇರಬೇಕು ಎಂಬುದು ಅವನ ಅಭಿಪ್ರಾಯ. ಇಲ್ಲಿ ಮಾತು ಧಾತುಗಳ ವ್ಯಾಜ್ಯಕ್ಕೆ ಹೊಸದೊಂದು ತೀರ್ಪು ದೊರೆತಂತಾಯಿತು: ಎರಡೂ ಮೂರನೆಯದೊಂದಕ್ಕೆ ಅಧೀನವಾದವು.

ಪ್ರಸಂಗವಶಾತ್ ಒಂದು ತಪ್ಪು ಗ್ರಹಿಕೆಯನ್ನು ತಿದ್ದಬಹುದು. ‘ಐದಾ’ ಸೂಯೆಜ್ ಕಾಲುವೆಯ ಉದ್ಘಾಟನೆಗಾಗಿ ರಚಿತವಾಯಿತೆಂದು ಅನೇಕ ಕಡೆ ಬರೆದಿರುತ್ತದೆ. ಕಾಲುವೆಯು ತೆರೆದುದು 1869ರಲ್ಲಿ. ಅದೇ ವರ್ಷ ಕೈರೊ ನಗರದ ಹೊಸ ರಂಗಮಂದಿರದ ಪ್ರಾರಂಭಕ್ಕೆ ಆಡಿದುದು ‘ರಿಗೊಲೆಟ್ಟೊ’. ‘ಐದಾ’ ಕೃತಿಗೆ ಕರಾರು ಆದುದು ಮರುವರ್ಷ. ದೃಶ್ಯಸಾಮಗ್ರಿಯೂ ಉಡುಪುಗಳೂ ಪ್ಯಾರಿಸ್ಸಿನಲ್ಲಿ ತಯಾರಾಗುತ್ತಿದ್ದು, ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧದಿಂದಾಗಿ ಅಲ್ಲಿಯೇ ಸಿಕ್ಕಿಕೊಂಡುದರಿಂದ ಮೊದಲ ಪ್ರದರ್ಶನವು 1871ರ ಡಿಸೆಂಬರ್ 24ಕ್ಕೆ ಹೋಯಿತು.

6. ವೃದ್ಧಾಪ್ಯದ ಕೃತಿಗಳು

‘ಐದಾ’ ಬಂದ ಮೇಲೆ ಹದಿನಾರು ವರ್ಷ ವೆರ್ಡಿಯಿಂದ ಹೊಸ ಗೀತನಾಟಕ ಹೊರಬರಲಿಲ್ಲ. ಕಾದಂಬರಿಕಾರನಾದ ಮಾಂಜೋನಿಯ ಸ್ಮರಣಾರ್ಥವಾಗಿ 1874ರಲ್ಲಿ ಒಂದು ಶ್ರಾದ್ಧಗಾನವನ್ನು ರಚಿಸಿದನು. ಮಿಕ್ಕ ಕಾಲವನ್ನು ಹೆಚ್ಚಾಗಿ ಸಂತ್’ಆಗಾತಾ ಎಂಬಲ್ಲಿ ತನ್ನ ಜಮೀನಿನ ವ್ಯವಸಾಯದಲ್ಲಿ ಕಳೆದನು. ಅವನ ಮೌನವನ್ನು ಮುರಿದವನು ಆರಿಗೊ ಬೋಯಿತೊ ಎಂಬ ಕವಿ. ತಾರುಣ್ಯದಲ್ಲಿ ಇಟಲಿಯ ಹಳೆಯ ಕಲೆಯನ್ನು ಜರೆದು ಪದ್ಯ ಕಟ್ಟಿ ವೆರ್ಡಿಯ ಮನಸ್ಸನ್ನು ನೋಯಿಸಿದ್ದವನೇ ಅವನು. 1879ರಲ್ಲಿ ಸ್ನೇಹಿತರು ಇಬ್ಬರನ್ನೂ ಕೂಡಿಸಿದರು. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮೊದಲ ಅಂಕವನ್ನು ಬೋಯಿತೊ ಪೂರ್ತಿಯಾಗಿ ಬಿಟ್ಟು, ಕಥೆಯನ್ನು ಸೈಪ್ರಸ್ ದ್ವೀಪದ ಬಿರುಗಾಳಿಯಿಂದಲೇ ಆರಂಭಿಸಿದನು. ಹೀಗೆ ಸಿದ್ಧವಾದ ‘ಒತೆಲ್ಲೊ’ 1887ರ ಫೆಬ್ರವರಿ 5ರಂದು ಲಾ ಸ್ಕಾಲಾದಲ್ಲಿ ಪ್ರದರ್ಶಿತವಾಯಿತು.

ಹಳೆಯ ಚೌಕಟ್ಟು ಇದರಲ್ಲಿ ಬಹುಮಟ್ಟಿಗೆ ಕರಗಿಹೋಗಿದೆ. ಸಂಗೀತವು ಅಂಕದ ಆದಿಯಿಂದ ಅಂತ್ಯದವರೆಗೆ ನಿಲ್ಲದೆ ಹರಿಯುತ್ತದೆ. ಮೊದಲ ಅಂಕದ ಕೊನೆಯಲ್ಲಿ ಒತೆಲ್ಲೊ ಹೆಂಡತಿಯನ್ನು ಚುಂಬಿಸುವಾಗ ವಾದ್ಯವೃಂದದಲ್ಲಿ ಒಂದು ಧಾಟಿಯು ಮೂಡುತ್ತದೆ. ಅವಳನ್ನು ಕೊಂದು ತಾನೂ ಇರಿದುಕೊಂಡು ಸಾಯುವಾಗ ಅದೇ ಧಾಟಿಯು ಮರಳುತ್ತದೆ. ಇದನ್ನು ಕೇಳಿ, ವೆರ್ಡಿಯು ವಾಗ್ನರನ ಶಿಷ್ಯನಾದನೆಂದು ಕೆಲವರು ಆಡಿಕೊಂಡರು. ವಿಚಾರಮಾಡಿ ನೋಡಿದರೆ ಇದು ‘ಲಾ ತ್ರಾವಿಯಾತಾ’ ಕೃತಿಯ ಪಿಟೀಲುಗಳು ಮೂವತ್ತನಾಲ್ಕು ವರ್ಷಗಳ ಹಿಂದೆಯೇ ಹಿಡಿದ ದಾರಿ. ಇದಲ್ಲದೆ ವಾಗ್ನರನಲ್ಲಿ ನಾಟಕದ ಭಾರವನ್ನು ವಾದ್ಯವೃಂದವು ಹೆಚ್ಚಾಗಿ ಹೊರುತ್ತದೆ. ವೆರ್ಡಿಯಲ್ಲಿ ಕೊನೆಯವರೆಗೂ ಅದನ್ನು ಹೊರುವುದು ಮನುಷ್ಯಕಂಠ.

ಆರು ವರ್ಷಗಳ ತರುವಾಯ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ‘ಫಾಲ್‌ಸ್ಟಾಫ್’ ಎಂಬ ಹಾಸ್ಯಕೃತಿಯನ್ನು ಅವನು ರಂಗಕ್ಕೆ ತಂದನು (1893ರ ಫೆಬ್ರವರಿ 9). ಯೌವನದಲ್ಲಿ, ಮನೆಯಲ್ಲಿ ಸಾವು ಕಾಲಿಟ್ಟಿದ್ದಾಗ, ಬರೆದು ಸೋತಿದ್ದ ಪ್ರಕಾರಕ್ಕೆ ಐವತ್ತು ವರ್ಷಗಳ ಮೇಲೆ ಮರಳಿ ಕೈಹಾಕಿದನೆಂಬುದು ಗಮನಾರ್ಹ. ಕರತಾಡನಕ್ಕಾಗಿ ಗಾಯಕನು ನಿಲ್ಲುವ ಎಡೆಗಳು ಇದರಲ್ಲಿ ಇಲ್ಲವೆಂದೇ ಹೇಳಬಹುದು. ಮಾತಿನ ಚುರುಕಿಗೆ ತಕ್ಕಂತೆ ಧಾಟಿಗಳು ಮಿಂಚಿ ಮಾಯವಾಗುತ್ತವೆ. ಇಷ್ಟಾಗಿಯೂ ಕೃತಿಯು ಮುಗಿಯುವುದು ಗೀತನಾಟಕದಲ್ಲಿ ಯಾರೂ ನಿರೀಕ್ಷಿಸದಂತಹ, ಪಾಂಡಿತ್ಯದ ಒರೆಗಲ್ಲೆನಿಸಿದ ‘ಫ್ಯೂಗ್’ ಎಂಬ ಬಂಧದಲ್ಲಿ. ಒಂದೇ ಧಾಟಿಯನ್ನು ಕಂಠದ ಮೇಲೆ ಕಂಠವು ಅನುಸರಿಸಿ ಹೆಣೆಯುವ ಆ ಕಠಿನ ಬಂಧದಲ್ಲಿ, ಪಾತ್ರಗಳೆಲ್ಲ ಕೂಡಿ ಲೋಕವೇ ಒಂದು ಪರಿಹಾಸವೆಂದು ಹಾಡುತ್ತವೆ.

7. ಉಪಸಂಹಾರ

ಜುಸೆಪ್ಪೀನಾ 1897ರಲ್ಲಿ ತೀರಿಕೊಂಡಳು. ವೆರ್ಡಿಯು 1901ರ ಜನವರಿ 27ರಂದು ಮಿಲಾನಿನಲ್ಲಿ ನಿಧನಹೊಂದಿದನು. ಅಂತ್ಯಕ್ರಿಯೆಯು ಸರಳವಾಗಿ, ಸಂಗೀತವಿಲ್ಲದೆ ನಡೆಯಬೇಕೆಂದು ಅವನು ಬರೆದಿಟ್ಟಿದ್ದನು, ಹಾಗೆಯೇ ನಡೆಯಿತು. ಒಂದು ತಿಂಗಳ ಅನಂತರ ದಂಪತಿಗಳ ದೇಹಗಳನ್ನು ಶಾಶ್ವತ ಸಮಾಧಿಸ್ಥಳಕ್ಕೆ ಸಾಗಿಸುವಾಗ, ತೊಸ್ಕನೀನಿಯ ನೇತೃತ್ವದಲ್ಲಿ ಸುಮಾರು 800 ಮಂದಿ ಗಾಯಕರು ‘ನಬುಕ್ಕೊ’ ಕೃತಿಯ ಸೆರೆಯಾಳುಗಳ ಹಾಡನ್ನು ಹಾಡಿದರು. 1842ರಲ್ಲಿ ಆ ಹಾಡಿಗೆ ಸಲ್ಲದಿದ್ದ ಗೌರವವು ಅಂದು ಸಂದಿತು; ದಂತಕಥೆಯು ಬಲಗೊಳ್ಳುವುದಕ್ಕೆ ಈ ದಿನವೂ ಒಂದು ಕಾರಣವಾಗಿರಬಹುದು.

1983ರಿಂದ ಶಿಕಾಗೊ ವಿಶ್ವವಿದ್ಯಾನಿಲಯದ ಮುದ್ರಣಾಲಯವೂ ರಿಕೋರ್ಡಿ ಸಂಸ್ಥೆಯೂ ಕೂಡಿ ವೆರ್ಡಿಯ ಕೃತಿಗಳ ಶುದ್ಧಪಾಠಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿವೆ. ಮೊದಲ ಸಂಪುಟ ‘ರಿಗೊಲೆಟ್ಟೊ’. ಸೆನ್ಸಾರರು ತಿದ್ದಿದುದನ್ನೂ ಲಿಪಿಕಾರರು ತಪ್ಪಿದುದನ್ನೂ ಬೇರ್ಪಡಿಸಿ, ಕರ್ತೃವು ಬರೆದುದನ್ನು ಕಾಣುವ ಅನುಕೂಲ ಈಗ ಅಧ್ಯಯನಶೀಲರಿಗೆ ಒದಗಿದೆ.

ಆ ದೇಹಗಳನ್ನು ಇರಿಸಿದ ಸ್ಥಳದ ವಿಷಯವನ್ನು ಹೇಳಿ ಈ ಲೇಖನವನ್ನು ಮುಗಿಸಬಹುದು. ಅದು ದುಡಿಯಲಾರದ ವೃದ್ಧ ಸಂಗೀತಗಾರರಿಗಾಗಿ ವೆರ್ಡಿಯು ಮಿಲಾನಿನಲ್ಲಿ ತನ್ನ ಹಣದಿಂದ ಕಟ್ಟಿಸಿದ ವಿಶ್ರಾಂತಿಗೃಹ. ಅದರ ನಕ್ಷೆಯನ್ನು ತಯಾರಿಸಿದವನು ಕವಿ ಬೋಯಿತೊವಿನ ಅಣ್ಣನಾದ ಕಮಿಲ್ಲೊ ಬೋಯಿತೊ. ತನಗೆ ಯಾರೂ ಕೃತಜ್ಞತೆ ಹೇಳಬಾರದೆಂಬ ಕಾರಣದಿಂದ, ತಾನು ಬದುಕಿರುವವರೆಗೆ ಅದನ್ನು ತೆರೆಯಕೂಡದೆಂದು ಅವನು ವಿಧಿಸಿದನು. 1902ರ ಅಕ್ಟೋಬರ್ 10ರಂದು ಅದು ತೆರೆಯಿತು. ಗ್ರಂಥಸ್ವಾಮ್ಯದ ಆದಾಯವನ್ನು ಅದಕ್ಕೆ ಬಿಟ್ಟುಕೊಟ್ಟಿದ್ದನು. ತನ್ನ ಕೃತಿಗಳೆಲ್ಲದರಲ್ಲಿ ತನಗೆ ಪ್ರಿಯವಾದುದು ಅದೇ ಎಂದು ಹೇಳಿಕೊಂಡಿದ್ದನು. ಕಂಠದ ಬೆಡಗನ್ನು ಬಿಟ್ಟು ಪಾತ್ರದ ಸತ್ಯವನ್ನು ನುಡಿಯಿರೆಂದು ಐವತ್ತು ವರ್ಷ ಗಾಯಕರನ್ನು ಗದರಿಸುತ್ತ ಬಂದವನು, ಕಂಠವೇ ಉಡುಗಿಹೋದ ಗಾಯಕರಿಗೆ ಒಂದು ಮನೆಯನ್ನು ಕೊಟ್ಟು, ಅವರ ನಡುವೆಯೇ ಮಣ್ಣಾಗಿದ್ದಾನೆ.